ಆಸ್ಪತ್ರೆಯಿಂದ ಬಂದು 8 ದಿನ ಆಯ್ತು, ಮಗು ಮಾತ್ರ ಮೊದಲಿನ ಹಾಗಾಗಿಲ್ಲ

ಚಿನ್ನು ಅಮ್ಮ, ಮಂಡ್ಯ
ಎಲ್ಲರಿಗೂ ನಮಸ್ಕಾರ. ನನ್ನ ಮಗನಿಗೆ 1 ವರ್ಷ 8 ತಿಂಗಳು. 12 ದಿನದ ಹಿಂದೆ ಒಂದು ರಾತ್ರಿ ಇದ್ದಕ್ಕಿದ್ದ ಹಾಗೆ ವಾಂತಿ ಶುರುವಾಯ್ತು. ಬೆಳಗಾಗುವಷ್ಟರಲ್ಲಿ ಭೇದಿ. ನೀರಿನ ಹಾಗೆ, ದಿನಕ್ಕೆ 12 ಸಲ. ಸಂಜೆ ಹೊತ್ತಿಗೆ ಅತ್ತರೂ ಕಣ್ಣಲ್ಲಿ ನೀರು ಬರಲಿಲ್ಲ, ಡೈಪರ್ ಒಣಗಿಯೇ ಇತ್ತು. ಆಸ್ಪತ್ರೆಗೆ ಎತ್ತಿಕೊಂಡು ಓಡಿದೆವು. 3 ದಿನ ಡ್ರಿಪ್ ಹಾಕಿದರು. ವೈರಸ್‌ನಿಂದ ಆಗಿದ್ದು, ಕಡಿಮೆಯಾಗುತ್ತದೆ ಎಂದು ಹೇಳಿ ಮನೆಗೆ ಕಳಿಸಿದರು.

ಮನೆಗೆ ಬಂದು ಇವತ್ತಿಗೆ 8 ದಿನ. ನೀರು ಭೇದಿ ನಿಂತಿದೆ. ಆದರೆ ದಿನಕ್ಕೆ 3-4 ಸಲ ನೊರೆ ನೊರೆಯಾಗಿ, ಹುಳಿ ವಾಸನೆಯಲ್ಲಿ ಹೋಗುತ್ತಾನೆ. ಕೂರುವ ಜಾಗ ಕೆಂಪಾಗಿ, ಮುಟ್ಟಿದರೆ ಕಿರುಚುತ್ತಾನೆ. ಊಟ ಎಂದರೆ ಬಾಯಿ ಬಿಗಿ ಹಿಡಿಯುತ್ತಾನೆ. ಹಾಲಿನ ಬಾಟಲಿ ಮಾತ್ರ ಬೇಕು. ನಮ್ಮತ್ತೆ 'ಕರುಳು ಸೋತಿದೆ ಕಣಮ್ಮ, ಬರೀ ಗಂಜಿ ತಿಳಿ ಕೊಡು' ಅಂತಾರೆ. ನಮ್ಮಮ್ಮ ಬಜೆ ತೇದು ಹಾಕು ಅಂತಾರೆ. ಪಕ್ಕದ ಮನೆಯವರು ಹಲ್ಲು ಬರುತ್ತಿದೆ, ಅದಕ್ಕೇ ಅಂತಾರೆ. ಕಾಯಿಲೆಗೆ ಮುಂಚೆ 10 ಕೆಜಿ 400 ಗ್ರಾಂ ಇದ್ದ. ಡಿಸ್ಚಾರ್ಜ್ ಆದಾಗ 9 ಕೆಜಿ 700. ಎತ್ತಿಕೊಂಡರೆ ಬೆನ್ನ ಮೂಳೆ ಕೈಗೆ ಸಿಗುತ್ತೆ. ಯಾರ ಮಾತು ಕೇಳಲಿ?

ಮದ್ದೂರು ಅಪ್ಪ
ಅಕ್ಕ, ಧೈರ್ಯವಾಗಿರಿ. ನಮ್ಮ ಮಗಳಿಗೂ ಹೋದ ವರ್ಷ ಹೀಗೇ ಆಗಿತ್ತು. ಒಂದು ಕೇಳಬೇಕು: ಜಿಂಕ್ ಸಿರಪ್ ಕೊಡುತ್ತಿದ್ದೀರಾ? ನಾವು ಅದನ್ನು ಮಧ್ಯದಲ್ಲೇ ಬಿಟ್ಟುಬಿಟ್ಟಿದ್ದೆವು.

ಚಿನ್ನು ಅಮ್ಮ, ಮಂಡ್ಯ
ಅಣ್ಣ, ಕೊಟ್ಟಿದ್ದರು. ಒಟ್ಟು 5 ದಿನ ಹಾಕಿದೆ. ಭೇದಿ ನಿಂತಿತಲ್ಲ ಅಂತ ನಿಲ್ಲಿಸಿದೆ. ಬಾಯಿಗೆ ಹಾಕಿದರೆ ಉಗಿಯುತ್ತಿದ್ದ. ಬಾಟಲಿ ಇನ್ನೂ ಅರ್ಧ ಇದೆ.

ಸಿಸ್ಟರ್ ಅಕ್ಕ, ಕುವೆಂಪುನಗರ
ನಾನು ಮಕ್ಕಳ ವಾರ್ಡಿನಲ್ಲಿ ನರ್ಸ್ ಆಗಿದ್ದವಳು, ಈಗ ನಿವೃತ್ತಿ. ಚಿನ್ನು ಅಮ್ಮ, ಆ ಬಾಟಲಿ ಇವತ್ತೇ ಹೊರಗೆ ತೆಗಿ. ಜಿಂಕ್ ಭೇದಿ ನಿಲ್ಲಿಸುವುದಕ್ಕೆ ಮಾತ್ರ ಕೊಡುವ ಔಷಧಿ ಅಲ್ಲ. ಒಳಗೆ ಕರುಳಿನ ಪದರ ಹೊಸದಾಗಿ ಬೆಳೆಯಬೇಕಲ್ಲ, ಅದಕ್ಕೂ ಅದು ಬೇಕು. ಅದಕ್ಕೇ 14 ದಿನ. ಭೇದಿ 3ನೇ ದಿನ ನಿಂತರೂ 14 ದಿನ. 6 ತಿಂಗಳು ದಾಟಿದ ಮಗುವಿಗೆ ದಿನಕ್ಕೆ 20 ಮಿಲಿಗ್ರಾಂ, 2ರಿಂದ 6 ತಿಂಗಳ ಕೂಸಿಗೆ 10. ನಿನ್ನ ಸಿರಪ್‌ನಲ್ಲಿ ಒಂದು ಚಮಚಕ್ಕೆ ಎಷ್ಟು ಇದೆ ಅಂತ ಬಾಟಲಿ ಮೇಲೆ ಬರೆದಿರುತ್ತದೆ, ಓದಿಕೋ. ಇನ್ನು 9 ದಿನ ಬಾಕಿ. ಖಾಲಿ ಹೊಟ್ಟೆಗೆ ಹಾಕಿದರೆ ಓಕರಿಕೆ ಬರುತ್ತೆ, ಎರಡು ತುತ್ತು ತಿಂದ ಮೇಲೆ ಹಾಕು.

ವಾರ್ಡಿನಲ್ಲಿ ನಾನು ನೂರು ಸಲ ನೋಡಿದ್ದು ಇದನ್ನೇ. ಡ್ರಿಪ್ ತೆಗೆದ ದಿನ ಎಲ್ಲರೂ ಗೆದ್ದೆವು ಅಂದುಕೊಳ್ಳುತ್ತಾರೆ. ಚೀಲ ತುಂಬಿಕೊಂಡು ಹೊರಡುವ ಗಡಿಬಿಡಿಯಲ್ಲಿ ನಾವು ಹೇಳಿದ್ದು ಅರ್ಧ ಕಿವಿಗೆ ಬೀಳುವುದೇ ಇಲ್ಲ. ಆಸ್ಪತ್ರೆ ಮಾಡುವುದು ಹೋದ ನೀರನ್ನು ತುಂಬಿಸುವುದು, ಅಷ್ಟೇ. ಕರಗಿದ ಮೈ ತುಂಬಿಸುವ ಕೆಲಸ ಮನೆಯಲ್ಲಿ, ಮುಂದಿನ ಎರಡು-ಮೂರು ವಾರದಲ್ಲಿ. ಇದನ್ನು ಬಾಗಿಲಲ್ಲಿ ನಿಂತು ಹೇಳುವಷ್ಟು ಪುರುಸೊತ್ತು ನಮಗೂ ಸಿಗುತ್ತಿರಲಿಲ್ಲ. ನನಗೆ ಇವತ್ತಿಗೂ ಅದರ ಬೇಜಾರಿದೆ.

ಮಕ್ಕಳ ಡಾಕ್ಟರ್, ಸರಸ್ವತಿಪುರಂ
ಸಿಸ್ಟರ್ ಹೇಳಿದ್ದು ಸರಿ. ನಾನು ಹಾಲಿನ ವಿಷಯ ಹೇಳುತ್ತೇನೆ, ಏಕೆಂದರೆ ನೊರೆ, ಹುಳಿ ವಾಸನೆ, ಕೆಂಪಾದ ಚರ್ಮ ಮೂರೂ ಒಟ್ಟಿಗೆ ಇವೆ.

ಸಣ್ಣ ಕರುಳಿನ ಒಳಗೋಡೆ ಮಖಮಲ್ ಬಟ್ಟೆಯ ಹಾಗೆ. ಸಣ್ಣ ಸಣ್ಣ ಎಳೆಗಳು ಎದ್ದು ನಿಂತಿರುತ್ತವೆ. ಹಾಲಿನ ಸಕ್ಕರೆಯನ್ನು, ಅಂದರೆ ಲ್ಯಾಕ್ಟೋಸನ್ನು ಒಡೆಯುವ ಲ್ಯಾಕ್ಟೇಸ್ ಎಂಬ ಕಿಣ್ವ ಇರುವುದು ಆ ಎಳೆಗಳ ತುದಿಯಲ್ಲೇ. ರೋಟಾವೈರಸ್‌ನಂಥ ಸೋಂಕು ಮೊದಲು ಉದುರಿಸುವುದೂ ಆ ತುದಿಯನ್ನೇ. ಆಗ ಕುಡಿದ ಹಾಲು ಜೀರ್ಣವಾಗದೆ ದೊಡ್ಡ ಕರುಳಿಗೆ ಇಳಿಯುತ್ತದೆ. ಅಲ್ಲಿನ ಬ್ಯಾಕ್ಟೀರಿಯಾ ಅದನ್ನು ಹುಳಿ ಮಾಡುತ್ತವೆ. ಗ್ಯಾಸ್, ನೊರೆ, ಹುಳಿ ನೀರು. ಆ ಹುಳಿ ತಾಗಿಯೇ ಚರ್ಮ ಸುಡುವುದು. ಕರುಳಿನ ಜೀವಕೋಶಗಳು ಕೆಲವೇ ದಿನಗಳಲ್ಲಿ ಹೊಸದಾಗಿ ಬರುತ್ತವೆ, ಆದರೆ ಲ್ಯಾಕ್ಟೇಸ್ ಪೂರ್ತಿ ಮರಳಲು ಸಾಮಾನ್ಯವಾಗಿ ಒಂದೆರಡು ವಾರ ಹಿಡಿಯುತ್ತದೆ.

ಎದೆಹಾಲು ಕುಡಿಯುವ ಮಗುವಾದರೆ ಅದನ್ನು ಯಾವ ಕಾರಣಕ್ಕೂ ನಿಲ್ಲಿಸಬೇಡಿ. ಚಿನ್ನು ಕುಡಿಯುವುದು ಪ್ಯಾಕೆಟ್ ಹಾಲಾ? ದಿನಕ್ಕೆ ಎಷ್ಟು?

ಚಿನ್ನು ಅಮ್ಮ, ಮಂಡ್ಯ
ಹೌದು ಡಾಕ್ಟ್ರೇ, ಪ್ಯಾಕೆಟ್ ಹಾಲು. ನಾಲ್ಕು ಬಾಟಲಿ. ಸುಮಾರು 800 ಎಂಎಲ್. ಏನೂ ತಿನ್ನಲ್ಲವಲ್ಲ, ಹಾಲಾದರೂ ಹೋಗಲಿ ಅಂತ ಕೊಡುತ್ತಿದ್ದೆ.

ಮಕ್ಕಳ ಡಾಕ್ಟರ್, ಸರಸ್ವತಿಪುರಂ
ನಿಮ್ಮ ಸಂಕಟ ಅರ್ಥವಾಗುತ್ತದೆ. ಆದರೆ ಹೊಟ್ಟೆ ತುಂಬ ಹಾಲಿದ್ದರೆ ಮಗುವಿಗೆ ಹಸಿವು ಎಲ್ಲಿಂದ ಬರಬೇಕು? ಒಂದು ವಾರ ಹಾಲನ್ನು ಹಾಗೇ ಕುಡಿಸಬೇಡಿ. ಅದೇ ಹಾಲನ್ನು ಮೊಸರು ಮಾಡಿ ಕೊಡಿ. ಹೆಪ್ಪು ಹಾಕಿದಾಗ ಲ್ಯಾಕ್ಟೋಸ್ ಸ್ವಲ್ಪ ಖರ್ಚಾಗುತ್ತದೆ, ಉಳಿದದ್ದನ್ನು ಅರಗಿಸಲು ಮೊಸರೇ ಸಹಾಯ ಮಾಡುತ್ತದೆ. ಮೆತ್ತಗೆ ಬೆಂದ ಅನ್ನಕ್ಕೆ ಮೊಸರು, ಹೆಸರುಬೇಳೆ ಕಿಚಡಿಗೆ ಒಂದು ಚಮಚ ತುಪ್ಪ, ಮಾಗಿದ ಬಾಳೆಹಣ್ಣು, ಮೊಟ್ಟೆ ತಿನ್ನುವವರಾದರೆ ಬೇಯಿಸಿದ ಮೊಟ್ಟೆ. ಎಣ್ಣೆ-ತುಪ್ಪಕ್ಕೆ ಹೆದರಬೇಡಿ. ಬರೀ ಗಂಜಿ ತಿಳಿಯಲ್ಲಿ ನೀರೇ ಜಾಸ್ತಿ, ಶಕ್ತಿ ಬಹಳ ಕಡಿಮೆ. ನಿಮ್ಮ ಅತ್ತೆಗೆ ಇದನ್ನು ಸಮಾಧಾನವಾಗಿ ಹೇಳಿ. ಅವರದ್ದೂ ಪ್ರೀತಿಯೇ ಅಲ್ವಾ? ಮತ್ತೆ ಬಾಟಲಿ ಬಿಟ್ಟುಬಿಡಿ. ಅದರ ನಿಪ್ಪಲ್ಲಿನ ಸಂದಿಯನ್ನು ಎಷ್ಟು ತೊಳೆದರೂ ಸಾಲುವುದಿಲ್ಲ. ಲೋಟ, ಚಮಚ ಸಾಕು. ವಾರದ ಮೇಲೆ ಹಾಲನ್ನು ಸ್ವಲ್ಪ ಸ್ವಲ್ಪವಾಗಿ ಶುರು ಮಾಡಿ. 'ಇವನಿಗೆ ಹಾಲು ಆಗಲ್ಲ' ಅಂತ ಜೀವನಪೂರ್ತಿ ನಿಲ್ಲಿಸಬೇಡಿ. ಆ ಮೂರು ಗುರುತು ಇಲ್ಲದ ಮಕ್ಕಳಿಗಂತೂ ಹಾಲು ನಿಲ್ಲಿಸುವ ಅಗತ್ಯವೇ ಇಲ್ಲ.

ಬಜೆ ಬೇಡ. ತೇದಾಗ ಎಷ್ಟು ಒಳಗೆ ಹೋಯ್ತು ಅನ್ನುವ ಲೆಕ್ಕ ಸಿಗುವುದಿಲ್ಲ. ಹಲ್ಲು ಬರುವುದರಿಂದ ಭೇದಿ ಆಗುವುದಿಲ್ಲ. ಆ ವಯಸ್ಸಿನಲ್ಲಿ ಮಕ್ಕಳು ಕೈಗೆ ಸಿಕ್ಕಿದ್ದೆಲ್ಲ ಬಾಯಿಗೆ ಹಾಕುತ್ತವೆ, ಸೋಂಕು ಬರುವುದು ಹಾಗೆ.

ಇನ್ನೊಂದು ಗಂಭೀರ ಮಾತು. ಶುರುವಾಗಿ ಇವತ್ತಿಗೆ 12 ದಿನ. ತೆಳ್ಳಗೆ ಹೋಗುವುದು 14 ದಿನ ದಾಟಿದರೆ ಅದನ್ನು ನಾವು ಬೇರೆ ಥರ ನೋಡಬೇಕಾಗುತ್ತದೆ. ಹಾಗಾಗಿ ನಾಳೆಯೇ ನಿಮ್ಮ ಡಾಕ್ಟರ್ ಹತ್ತಿರ ತೋರಿಸಿ, ತೂಕ ಹಾಕಿಸಿ. ಇಲ್ಲಿ ಬರೆದಿದ್ದು ಅದರ ಬದಲಿಗೆ ಅಲ್ಲ.

ಅವಳಿ ಮಕ್ಕಳ ತಾಯಿ, ನಂಜನಗೂಡು
ಡಾಕ್ಟ್ರೇ, ನಮ್ಮ ಇಬ್ಬರಿಗೂ ರೋಟಾ ಲಸಿಕೆ 6, 10, 14ನೇ ವಾರದಲ್ಲಿ ಮೂರೂ ಸಲ ಹಾಕಿಸಿದ್ದೆ. ಆದರೂ ಜನವರಿಯಲ್ಲಿ ವಾಂತಿ-ಭೇದಿ ಬಂತು. ಹಾಗಾದರೆ ಹಾಕಿಸಿ ಏನು ಬಂತು ಅಂತ ನಮ್ಮ ಯಜಮಾನರು ಕೇಳುತ್ತಾರೆ.

ಮಕ್ಕಳ ಡಾಕ್ಟರ್, ಸರಸ್ವತಿಪುರಂ
ಲಸಿಕೆ ಹಾಕಿಸಿದ ಮಕ್ಕಳಿಗೂ ಬರಬಹುದು, ಆದರೆ ಆಸ್ಪತ್ರೆ ಸೇರುವಷ್ಟು ಜೋರಾಗಿ ಬರುವುದು ಕಡಿಮೆ. ಜೊತೆಗೆ ನೊರೋವೈರಸ್, ಅಡಿನೋವೈರಸ್, ಇ. ಕೋಲೈ, ಶಿಗೆಲ್ಲಾ ಎಂದು ಬೇರೆ ರೋಗಾಣುಗಳೂ ಇವೆ. ಅವುಗಳಿಗೆ ಈ ಹನಿ ಕೆಲಸ ಮಾಡುವುದಿಲ್ಲ. ನಮ್ಮ ದೇಶದಲ್ಲಿ 2016ರಿಂದ ಇದನ್ನು ಸರ್ಕಾರಿ ಲಸಿಕಾ ಕಾರ್ಯಕ್ರಮಕ್ಕೆ ಸೇರಿಸುತ್ತಾ ಬಂದರು. ಈಗ ಉಚಿತವಾಗಿ ಸಿಗುತ್ತದೆ. ದಯವಿಟ್ಟು ತಪ್ಪಿಸಬೇಡಿ.

ಮದ್ದೂರು ಅಪ್ಪ
ನನ್ನ ತಪ್ಪನ್ನೂ ಇಲ್ಲಿ ಬರೆಯುತ್ತೇನೆ. ಇನ್ನೊಬ್ಬರು ಅದನ್ನೇ ಮಾಡಬಾರದು.

ಮಗಳಿಗೆ ಭೇದಿ ಶುರುವಾದಾಗ ಮೆಡಿಕಲ್ ಶಾಪಿಗೆ ಹೋಗಿ ಓಆರ್‌ಎಸ್, ಅಂದರೆ ನೀರಿಗೆ ಕಲಸಿ ಕುಡಿಸುವ ಉಪ್ಪು-ಗ್ಲೂಕೋಸ್ ಪುಡಿ ಕೊಡಿ ಅಂದೆ. ಕಿತ್ತಳೆ ರುಚಿಯ ಪೊಟ್ಟಣದ ಜ್ಯೂಸ್ ಕೊಟ್ಟರು. ಮೇಲೆ ದೊಡ್ಡದಾಗಿ ಓಆರ್‌ಎಸ್ ಎನ್ನುವ ಅಕ್ಷರ ಇತ್ತು. ಮಗಳು ಖುಷಿಯಿಂದ ಕುಡಿದಳು. ಎರಡು ಪೊಟ್ಟಣ ಮುಗಿಯುವಷ್ಟರಲ್ಲಿ ಭೇದಿ ಇನ್ನೂ ಜಾಸ್ತಿಯಾಯ್ತು. ಅದರ ಮೇಲೆ ಅವರೇ ಒಂದು ಆಂಟಿಬಯೋಟಿಕ್, ಭೇದಿ ಕಟ್ಟುವ ಮಾತ್ರೆ ಅರ್ಧ ಕೊಟ್ಟಿದ್ದರು. ಹೊಟ್ಟೆ ಉಬ್ಬಿಕೊಂಡಿತು. ಆಮೇಲೆ ಡಾಕ್ಟರ್ ಹೇಳಿದ್ದು: ಆ ಜ್ಯೂಸಿನಲ್ಲಿ ಸಕ್ಕರೆ ಬಹಳ ಜಾಸ್ತಿ, ಉಪ್ಪಿನ ಅಂಶ ಕಡಿಮೆ. ಜಾಸ್ತಿ ಸಕ್ಕರೆ ಕರುಳಿಗೆ ಹೋದರೆ ಮೈಯಲ್ಲಿದ್ದ ನೀರನ್ನೇ ಅದು ಹೊರಗೆಳೆಯುತ್ತದೆ. ಭೇದಿ ಕಟ್ಟುವ ಮಾತ್ರೆ ಚಿಕ್ಕ ಮಕ್ಕಳಿಗೆ ಕೊಡುವ ಹಾಗೇ ಇಲ್ಲ.

ನಾನು ಎಳನೀರು ವ್ಯಾಪಾರದವನು. ಮನೆ ತುಂಬ ಎಳನೀರು. ಅದನ್ನೂ ಕೇಳಿದೆ. ಎಳನೀರಲ್ಲಿ ಪೊಟ್ಯಾಸಿಯಂ ಇದೆ, ಸೋಡಿಯಂ ಸಾಲದು, ನಡುವೆ ಕೊಡಿ, ಓಆರ್‌ಎಸ್ ಬದಲಿಗೆ ಬೇಡ ಅಂದರು.

ಮಕ್ಕಳ ಡಾಕ್ಟರ್, ಸರಸ್ವತಿಪುರಂ
ಅಣ್ಣ, ಬರೆದಿದ್ದು ಬಹಳ ಒಳ್ಳೆಯದಾಯ್ತು. 2025ರ ಅಕ್ಟೋಬರ್‌ನಲ್ಲಿ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ ಇಂಥ ಪಾನೀಯಗಳ ಹೆಸರಲ್ಲಿ ಓಆರ್‌ಎಸ್ ಎಂಬ ಪದ ಬಳಸಬಾರದು ಎಂದು ಆದೇಶಿಸಿತು. ಅದರ ಹಿಂದೆ ಹೈದರಾಬಾದಿನ ಮಕ್ಕಳ ವೈದ್ಯೆ ಶಿವರಂಜನಿ ಸಂತೋಷ್ ಅವರ ವರ್ಷಗಟ್ಟಲೆ ಹೋರಾಟ ಇದೆ. ಒಬ್ಬ ವೈದ್ಯೆ ಪಟ್ಟು ಬಿಡದೆ ನಿಂತದ್ದರಿಂದ ಆದದ್ದು, ನನಗೆ ಅದರ ಬಗ್ಗೆ ತುಂಬ ಗೌರವ.

ಸರಿಯಾದ ಪ್ಯಾಕೆಟ್ ಹೇಗಿರುತ್ತದೆ ಅಂದರೆ: ಪುಡಿ, ಒಟ್ಟು 20.5 ಗ್ರಾಂ, 1 ಲೀಟರ್ ನೀರಿಗೆ. ಅದರಲ್ಲಿ ಗ್ಲೂಕೋಸ್ 13.5 ಗ್ರಾಂ, ಉಪ್ಪು 2.6 ಗ್ರಾಂ, ಉಳಿದದ್ದು ಪೊಟ್ಯಾಸಿಯಂ ಕ್ಲೋರೈಡ್ ಮತ್ತು ಸಿಟ್ರೇಟ್. ಇದು 2002ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ತಿದ್ದಿದ ಅಳತೆ. ಗ್ಲೂಕೋಸ್ ಮತ್ತು ಸೋಡಿಯಂ ಜೊತೆಯಾಗಿ ಕರುಳಿನ ಗೋಡೆ ದಾಟುತ್ತವೆ, ಅವುಗಳ ಹಿಂದೆ ನೀರು ಹೋಗುತ್ತದೆ. ಭೇದಿ ಇದ್ದಾಗಲೂ ಸಾಮಾನ್ಯವಾಗಿ ಆ ದಾರಿ ಮುಚ್ಚುವುದಿಲ್ಲ. ಅಳತೆ ತಪ್ಪಿದರೆ ಮಾತ್ರ ಕೆಲಸ ಕೆಡುತ್ತದೆ. ಲೀಟರ್ ಪ್ಯಾಕೆಟನ್ನು ಒಂದು ಲೋಟ ನೀರಿಗೆ ಹಾಕಿ ಕುಡಿಸಿದ ಮಗುವನ್ನು ನಾನು ನೋಡಿದ್ದೇನೆ. ಮೈಯಲ್ಲಿ ಉಪ್ಪು ಏರಿ ಫಿಟ್ಸ್ ಬಂದಿತ್ತು. ಹಾಗಾಗಿ ಕುದಿಸಿ ಆರಿಸಿದ ನೀರನ್ನು ಲೀಟರ್ ಬಾಟಲಿಯಲ್ಲಿ ಅಳೆಯಿರಿ, ಪೂರ್ತಿ ಪ್ಯಾಕೆಟ್ ಹಾಕಿ, 24 ಗಂಟೆಯ ಮೇಲೆ ಉಳಿದದ್ದನ್ನು ಚೆಲ್ಲಿ.

1971ರ ಬಾಂಗ್ಲಾ ಯುದ್ಧದ ಸಮಯದಲ್ಲಿ ಪಶ್ಚಿಮ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಬಂದಾಗ ಡ್ರಿಪ್ ಮುಗಿದುಹೋಗಿತ್ತು. ದಿಲೀಪ್ ಮಹಲನಬಿಸ್ ಎಂಬ ವೈದ್ಯರು ಉಪ್ಪು-ಗ್ಲೂಕೋಸ್ ನೀರನ್ನು ಡ್ರಮ್ಮುಗಳಲ್ಲಿ ತುಂಬಿಸಿದರು. ಕುಡಿಸಿದವರು ರೋಗಿಗಳ ಮನೆಯವರೇ. ಶೇ 30ರಷ್ಟಿದ್ದ ಸಾವು ಶೇ 4ಕ್ಕಿಂತ ಕೆಳಗಿಳಿಯಿತು. 2022ರಲ್ಲಿ ಅವರು ತೀರಿಕೊಂಡರು, ಮರುವರ್ಷ ಪದ್ಮವಿಭೂಷಣ ಬಂತು. ಲೋಟ ಹಿಡಿದು ಮಗುವಿನ ಪಕ್ಕ ಕೂರುವ ತಾಯಂದಿರನ್ನು ಕಂಡಾಗಲೆಲ್ಲ ನನಗೆ ಆ ಡ್ರಮ್ಮುಗಳ ನೆನಪಾಗುತ್ತದೆ.

ಅವಳಿ ಮಕ್ಕಳ ತಾಯಿ, ನಂಜನಗೂಡು
ಕುಡಿಸಿದ ತಕ್ಷಣ ವಾಂತಿ ಮಾಡಿಕೊಂಡರೆ?

ಸಿಸ್ಟರ್ ಅಕ್ಕ, ಕುವೆಂಪುನಗರ
10 ನಿಮಿಷ ಸುಮ್ನೆ ಇರು. ಆಮೇಲೆ ಒಂದು ಚಮಚ. ಗೋಡೆ ಗಡಿಯಾರ ನೋಡಿಕೊಂಡು ಎರಡು-ಮೂರು ನಿಮಿಷಕ್ಕೊಂದು ಚಮಚ. ಬಾಯಾರಿದೆ ಅಂತ ಲೋಟ ಎತ್ತಿ ಗಟಗಟ ಕುಡಿಸಿದರೆ ಮತ್ತೆ ಹೊರಗೆ ಬರುತ್ತೆ. ಎರಡು ವರ್ಷದೊಳಗಿನ ಮಗುವಿಗೆ ಒಂದೊಂದು ಸಲ ಭೇದಿಯಾದಾಗಲೂ 50ರಿಂದ 100 ಎಂಎಲ್, ಅದಕ್ಕಿಂತ ದೊಡ್ಡವರಿಗೆ 100ರಿಂದ 200.

ರಕ್ತ ಹೋದರೆ, ಕಣ್ಣು ಗುಳಿ ಬಿದ್ದರೆ, ಕೂಸಿನ ನೆತ್ತಿ ಇಳಿದರೆ, 6-8 ಗಂಟೆ ಉಚ್ಚೆ ಹೋಗದಿದ್ದರೆ, ಏನು ಕೊಟ್ಟರೂ ಕುಡಿಯದೆ ಮಂಕಾಗಿ ಮಲಗಿದ್ದರೆ ಇಲ್ಲಿ ಬರೆಯುತ್ತಾ ಕೂರಬೇಡಿ, ಗಾಡಿ ಹತ್ತಿ. ಹೊಟ್ಟೆ ಚರ್ಮ ಎರಡು ಬೆರಳಲ್ಲಿ ಎತ್ತಿ ಬಿಟ್ಟರೆ ತಕ್ಷಣ ಸಮ ಆಗಬೇಕು. ಮಡಿಕೆ ಹಾಗೇ ನಿಂತರೆ ನೀರು ಬಹಳ ಹೋಗಿದೆ ಅಂತ. ಸಣ್ಣ ಮಗು ಬಿಟ್ಟು ಬಿಟ್ಟು ಕಾಲು ಮಡಚಿ ಚೀರುತ್ತಾ, ಕೆಂಪು ಜೆಲ್ಲಿ ಥರ ಹೋದರೆ ಅದು ಬರೀ ಭೇದಿಯಲ್ಲ, ಕರುಳು ಒಂದರೊಳಗೊಂದು ತೂರಿಕೊಂಡಿರಬಹುದು. ಒಂದು ಗಂಟೆಯೂ ಕಾಯಬೇಡಿ.

ಅಂಗನವಾಡಿ ಟೀಚರ್, ಪಾಂಡವಪುರ
ಚಿನ್ನು ಅಮ್ಮ, ಊಟದ ವಿಷಯಕ್ಕೆ ನನ್ನದೊಂದು ಮಾತು. ಮಗು ನಾಲ್ಕೇ ಚಮಚ ತಿನ್ನುತ್ತೆ ಅಂದರೆ ಆ ನಾಲ್ಕು ಚಮಚದಲ್ಲೇ ಜಾಸ್ತಿ ಶಕ್ತಿ ಇರಬೇಕು. ರಾಗಿ ಸರಿ ಗಟ್ಟಿ ಮಾಡಿದರೆ ನುಂಗಲ್ಲ, ತೆಳ್ಳಗೆ ಮಾಡಿದರೆ ಬರೀ ನೀರು. ಇದಕ್ಕೆ ಮೊಳಕೆ ರಾಗಿ ಹಿಟ್ಟು ಇದೆ.

ರಾಗಿಯನ್ನು ತೊಳೆದು ರಾತ್ರಿ ನೆನೆಹಾಕಿ. ಬೆಳಗ್ಗೆ ನೀರು ಬಸಿದು ಒದ್ದೆ ಬಟ್ಟೆಯಲ್ಲಿ ಕಟ್ಟಿಡಿ. ಒಂದೂವರೆ-ಎರಡು ದಿನಕ್ಕೆ ಬಿಳಿ ಮೊಳಕೆ ಬರುತ್ತೆ. ಚೆನ್ನಾಗಿ ಒಣಗಿಸಿ, ಹುರಿಯದೆ ಬೀಸಿ, ತೆಳು ಬಟ್ಟೆಯಲ್ಲಿ ಸೋಸಿ. ಹುರಿಹಿಟ್ಟಿನಲ್ಲಿ ಈ ಕೆಲಸ ಆಗಲ್ಲ, ಹುರಿದರೆ ಮೊಳಕೆಯ ಗುಣ ಸತ್ತುಹೋಗುತ್ತೆ.

ಈಗ ಮಾಮೂಲಿ ರಾಗಿ ಅಥವಾ ಅಕ್ಕಿ-ಬೇಳೆ ಹಿಟ್ಟಿನ ಸರಿಯನ್ನು ಗಟ್ಟಿಯಾಗಿ ಕಾಸಿ. ಸೌಟು ನಿಲ್ಲುವಷ್ಟು ಗಟ್ಟಿ. ಒಲೆಯಿಂದ ಇಳಿಸಿ, ಕುದಿ ನಿಂತು ಬಿಸಿ ಒಂಚೂರು ಇಳಿದ ಮೇಲೆ ಒಂದು ಚಮಚ ಮೊಳಕೆ ಹಿಟ್ಟು ಹಾಕಿ ತಿರುವುತ್ತಾ ಇರಿ. ನೋಡನೋಡುತ್ತಾ ಸೌಟಿನ ಕೆಳಗೆ ಸಡಿಲವಾಗುತ್ತೆ. ಎರಡು-ಮೂರು ನಿಮಿಷಕ್ಕೆ ಚಮಚದಿಂದ ಜಾರುವಷ್ಟು. ಒಂದು ತೊಟ್ಟು ನೀರು ಹಾಕಿರಲ್ಲ! ಮತ್ತೆ ಒಲೆ ಮೇಲಿಟ್ಟು ಒಂದು ಕುದಿ ಬರಿಸಿ, ತುಪ್ಪ ಹಾಕಿ, ಬೆಚ್ಚಗೆ ತಿನ್ನಿಸಿ. ಮೊದಲ ಸಲ ತಾಯಂದಿರ ಸಭೆಯಲ್ಲಿ ಮಾಡಿ ತೋರಿಸಿದಾಗ ಒಬ್ಬ ಅಜ್ಜಿ ಪಾತ್ರೆಯನ್ನೇ ಕೈಗೆ ತಗೊಂಡು ಬಗ್ಗಿ ನೋಡಿದರು.

ಓಆರ್‌ಎಸ್, ಜಿಂಕ್ ಎರಡೂ ಆಶಾ ಕಾರ್ಯಕರ್ತೆ ಹತ್ತಿರ ಕೇಳಿ, ದುಡ್ಡು ಕೊಡಬೇಕಿಲ್ಲ. ತಾಯಿ ಕಾರ್ಡ್ ತಗೊಂಡು ನಿಮ್ಮ ಅಂಗನವಾಡಿಗೆ ಹೋಗಿ, ವಾರಕ್ಕೊಮ್ಮೆ ಅದೇ ತಕ್ಕಡಿಯಲ್ಲಿ ತೂಕ ಹಾಕಿಸಿ. ಬೇರೆ ಬೇರೆ ತಕ್ಕಡಿ ಆದರೆ ಸುಮ್ನೆ ಗಾಬರಿ.

ಮಕ್ಕಳ ಡಾಕ್ಟರ್, ಸರಸ್ವತಿಪುರಂ
ಟೀಚರ್, ಅಚ್ಚುಕಟ್ಟಾಗಿ ಹೇಳಿದಿರಿ. ಮೊಳಕೆಯಲ್ಲಿ ಅಮೈಲೇಸ್ ಎಂಬ ಕಿಣ್ವ ಇರುತ್ತದೆ, ಅದು ಪಿಷ್ಟವನ್ನು ತುಂಡು ಮಾಡುತ್ತದೆ. ನಮ್ಮ ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನಲ್ಲೂ ಮೊಳಕೆ ರಾಗಿಯ ಶಿಶು ಆಹಾರದ ಮೇಲೆ ಕೆಲಸ ನಡೆದಿದೆ. ಇದಕ್ಕೆ ಒಂದು ಸೇರಿಸುತ್ತೇನೆ: ಭೇದಿ ನಿಂತ ಮೇಲೆ ಎರಡು ವಾರ ದಿನಕ್ಕೆ ಒಂದು ಊಟ ಹೆಚ್ಚಿಗೆ. ಮಾಮೂಲಿ ಐದು ಸಲ ತಿನ್ನುವ ಮಗುವಿಗೆ ಆರು ಸಲ.

ಹೆಬ್ಬಾಳ ಅಮ್ಮ, ಮೈಸೂರು
ನನ್ನದು ಬೇರೆ. ಮಗನಿಗೆ 7 ವರ್ಷ, ಟೈಫಾಯ್ಡ್ ಆಗಿ 14 ದಿನ ಔಷಧಿ ಮುಗಿಯಿತು. ಜ್ವರ ಇಲ್ಲ. ಆದರೆ ಟೈಫಾಯ್ಡ್‌ಗೆ ಮಾಡುವ ರಕ್ತದ ವೈಡಲ್ ಟೆಸ್ಟ್ ಮತ್ತೆ ಮಾಡಿಸಿದರೆ ಪಾಸಿಟಿವ್. ಮನೆಯಲ್ಲಿ ಬ್ರೆಡ್, ಇಡ್ಲಿ ಬಿಟ್ಟು ಬೇರೇನೂ ಕೊಡುತ್ತಿಲ್ಲ.

ಮಕ್ಕಳ ಡಾಕ್ಟರ್, ಸರಸ್ವತಿಪುರಂ
ಅಮ್ಮ, ವೈಡಲ್ ಕಾಯಿಲೆ ವಾಸಿಯಾದ ಮೇಲೂ ತಿಂಗಳುಗಟ್ಟಲೆ ಪಾಸಿಟಿವ್ ಇರಬಹುದು. ಅದು ಹಳೆಯ ಹೋರಾಟದ ಗುರುತು. ವಾಸಿ ಆಯ್ತಾ ಎಂದು ತಿಳಿಯಲು ಅದನ್ನು ಮತ್ತೆ ಮತ್ತೆ ಮಾಡಿಸಬೇಡಿ. ಮಗುವನ್ನು ನೋಡಿ: ಜ್ವರ ಇಲ್ಲ, ಹಸಿವಾಗುತ್ತಿದೆ, ಆಡುತ್ತಿದ್ದಾನೆ ಅಂದರೆ ಸರಿ. ಕೆಲವರಿಗೆ ಔಷಧಿ ನಿಲ್ಲಿಸಿ ಎರಡು-ಮೂರು ವಾರದಲ್ಲಿ ಜ್ವರ ಮರುಕಳಿಸಬಹುದು, ಹಾಗಾದರೆ ತಕ್ಷಣ ತೋರಿಸಿ. ಅಲ್ಲಿಯವರೆಗೆ ಅನ್ನ, ಸಾರು, ಬೇಳೆ, ಮೊಸರು, ಮೊಟ್ಟೆ ಎಲ್ಲ ಕೊಡಿ. ಮೆತ್ತಗಿರಲಿ, ಖಾರ ಕಡಿಮೆ ಇರಲಿ. ಜ್ವರದಲ್ಲಿ ಕರಗಿದ ಮೈ ಬ್ರೆಡ್ಡಿನಿಂದ ತುಂಬುವುದಿಲ್ಲ. ತಮ್ಮನೋ ತಂಗಿಯೋ ಇದ್ದರೆ ಟೈಫಾಯ್ಡ್ ಲಸಿಕೆ ಕೇಳಿ, ಮಗುವಿಗೆ 6 ತಿಂಗಳು ತುಂಬಿದ ಮೇಲೆ ಹಾಕಿಸಬಹುದು.

ಚಿನ್ನು ಅಮ್ಮ, ಮಂಡ್ಯ
ನಿನ್ನೆ ತೋರಿಸಿಕೊಂಡು ಬಂದೆ. 9 ಕೆಜಿ 600. ಇನ್ನೂ 100 ಗ್ರಾಂ ಇಳಿದಿದ್ದಾನೆ. ಡಾಕ್ಟರ್ ಮೋಷನ್ ಟೆಸ್ಟ್ ಮಾಡಿಸಿದರು. ಹಾಲಿನ ವಿಷಯ ಅವರೂ ಅದೇ ಹೇಳಿದರು. ಬಾಟಲಿ ಬಚ್ಚಿಟ್ಟೆ. ರಾತ್ರಿ ಒಂದು ಗಂಟೆ ಅತ್ತ, ನಾನೂ ಅತ್ತೆ. ಜಿಂಕ್ ಮತ್ತೆ ಶುರು ಮಾಡಿದ್ದೇನೆ. ಕೆಂಪಾದ ಜಾಗಕ್ಕೆ ಜಿಂಕ್ ಆಕ್ಸೈಡ್ ಮುಲಾಮು.

ಸಿಸ್ಟರ್ ಅಕ್ಕ, ಕುವೆಂಪುನಗರ
ಅತ್ತರೆ ಅಳಲಿ ಕಣಮ್ಮ, ಎದೆಗೆ ಒರಗಿಸಿಕೊಂಡು ಇರು. ಮೂರನೇ ರಾತ್ರಿಗೆ ಮರೆಯುತ್ತಾನೆ. ವೈಪ್ಸ್ ಬೇಡ, ಉಗುರುಬೆಚ್ಚಗಿನ ನೀರಲ್ಲಿ ತೊಳೆದು, ಒತ್ತಿ ಒರೆಸಿ, ಸ್ವಲ್ಪ ಹೊತ್ತು ಬಟ್ಟೆಯಿಲ್ಲದೆ ಬಿಡು. ಡೈಪರ್ ಬದಲಿಸಿದವರು ಸೋಪು ಹಾಕಿ ಕೈ ತೊಳೀಬೇಕು. ಸ್ಯಾನಿಟೈಸರ್ ಇಂಥ ಕೆಲವು ವೈರಸ್‌ಗೆ ಅಷ್ಟು ತಾಗಲ್ಲ.

ಚಿನ್ನು ಅಮ್ಮ, ಮಂಡ್ಯ
6 ದಿನ ಆಯ್ತು, ಹೇಳಲೇಬೇಕು ಅಂತ ಬರೆಯುತ್ತಿದ್ದೇನೆ. ಟೆಸ್ಟ್‌ನಲ್ಲಿ ಭಯಪಡುವಂಥದ್ದು ಏನೂ ಬರಲಿಲ್ಲ. ಹಾಲು ನಿಲ್ಲಿಸಿದ ಎರಡನೇ ದಿನಕ್ಕೇ ನೊರೆ ಕಡಿಮೆಯಾಯ್ತು. ನಾಲ್ಕನೇ ದಿನ ಒಂದೇ ಸಲ, ಗಟ್ಟಿಯಾಗಿ ಹೋದ. ಮೊಳಕೆ ರಾಗಿಯನ್ನು ನಮ್ಮತ್ತೆಯೇ ಕಟ್ಟಿದರು. ಮೊದಲು ಒಪ್ಪಿರಲಿಲ್ಲ. ಸರಿ ಸಡಿಲ ಆಗಿದ್ದು ನೋಡಿ, 'ನಮ್ಮವ್ವ ಹಿಂಗೇ ಮಾಡ್ತಿತ್ತು, ನಾನೇ ಮರೆತಿದ್ದೆ' ಅಂದರು. ಈಗ ತಿನ್ನಿಸುವುದೂ ಅವರೇ. ಜಗುಲಿಯಲ್ಲಿ ಕೂರಿಸಿಕೊಂಡು ಕಬ್ಬಿನ ಗಾಡಿ ತೋರಿಸುತ್ತಾ ಒಂದು ಬಟ್ಟಲು ಮುಗಿಸುತ್ತಾರೆ.

ಅಂಗನವಾಡಿ ಟೀಚರ್, ಪಾಂಡವಪುರ
ಅವರಿಗೆ ನನ್ನ ನಮಸ್ಕಾರ ಹೇಳಿ. ತೂಕ?

ಚಿನ್ನು ಅಮ್ಮ, ಮಂಡ್ಯ
9 ಕೆಜಿ 850, ಅದೇ ತಕ್ಕಡಿಯಲ್ಲಿ. ಜಿಂಕ್ ಇನ್ನೂ 2 ದಿನ ಬಾಕಿ, ಕ್ಯಾಲೆಂಡರ್ ಮೇಲೆ ಗೆರೆ ಹಾಕಿದ್ದೇನೆ. ಇವತ್ತು ಬೆಳಗ್ಗೆ ಅಡುಗೆಮನೆಗೆ ತಾನಾಗೇ ಬಂದು ನನ್ನ ಸೀರೆ ಎಳೆದು 'ಮಮ್ಮು' ಅಂದ. ಕಾಯಿಲೆ ಬಂದ ಮೇಲೆ ಅವನೇ ಊಟ ಕೇಳಿದ್ದು ಇದೇ ಮೊದಲು.